ಓದುಗರ ಪ್ರಶ್ನೆ: ಚಿತ್ರ ಬರೆದರೆ ಮನಸ್ಸಿನ ಕಾಯಿಲೆ ಹಗುರಾಗುತ್ತದೆಯೇ?

ಮನಸ್ಸಿನ ಕಾಯಿಲೆಯೊಂದಿಗೆ ಬದುಕುತ್ತಿರುವವರಿಗೆ ಚಿತ್ರ ಬರೆಯುವುದು, ಮಣ್ಣು ಮೆತ್ತುವುದು, ಬರವಣಿಗೆ ಮುಂತಾದ ಕೆಲಸಗಳು ಎಷ್ಟರ ಮಟ್ಟಿಗೆ ನೆರವಾಗುತ್ತವೆ ಎಂದು ಕೇಳಿ ಈ ಅಂಕಣಕ್ಕೆ ಬಂದಿರುವ ಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಈ ಸಲ ಉತ್ತರಿಸುತ್ತಿದ್ದೇನೆ. ಪತ್ರಗಳನ್ನು ಚಿಕ್ಕದಾಗಿಸಿದ್ದೇವೆ, ಬರೆದವರ ಗುರುತು ಸಿಗುವಂಥ ವಿವರಗಳನ್ನು ತೆಗೆದುಹಾಕಿದ್ದೇವೆ. ನಾನು ಮನೋವೈದ್ಯೆಯೇ ಹೊರತು ಕಲಾವಿದೆಯಲ್ಲ. ಆದರೆ ವಾರ್ಡಿನಲ್ಲಿ ಮಧ್ಯಾಹ್ನದ ಹೊತ್ತು ರೋಗಿಗಳು ಚಿತ್ರ ಬರೆಯುವ ಮೇಜಿನ ಬದಿಯಲ್ಲಿ ಬಹಳ ವರ್ಷ ಕುಳಿತಿದ್ದೇನೆ. ಆ ಮೇಜು ಕಲಿಸಿದ್ದೂ ಈ ಉತ್ತರಗಳಲ್ಲಿದೆ.

ಪ್ರಶ್ನೆ: ಎರಡು ವರ್ಷದಿಂದ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೊದಲಿಗಿಂತ ಈಗ ಎಷ್ಟೋ ವಾಸಿ. "ಏನಾದರೂ ಚಿತ್ರ ಬರೆಯಿರಿ, ಒಳಗಿರುವುದು ಹೊರಗೆ ಬರಲಿ" ಎಂದು ನನ್ನ ಆಪ್ತಸಮಾಲೋಚಕರು ಹೇಳಿದರು. ಶಾಲೆ ಬಿಟ್ಟ ಮೇಲೆ ನಾನು ಒಂದು ಗೆರೆಯನ್ನೂ ಎಳೆದವಳಲ್ಲ. ಆದರೂ ಒಳ್ಳೆಯ ಕಾಗದ, ಬಣ್ಣ ಎಲ್ಲವನ್ನೂ ತಂದಿಟ್ಟುಕೊಂಡೆ. ಬಿಳಿ ಹಾಳೆಯ ಮುಂದೆ ಅರ್ಧ ಗಂಟೆ ಕುಳಿತು ಏನೂ ತೋಚದೆ ಎದ್ದುಬಂದಾಗ, ಇದೂ ನನ್ನಿಂದ ಆಗಲಿಲ್ಲವಲ್ಲ ಎಂದು ಮತ್ತಷ್ಟು ಕುಗ್ಗಿಹೋಗುತ್ತೇನೆ. ಇದು ನನಗೆ ಒಗ್ಗದ ದಾರಿಯೇ?

ಉತ್ತರ: ನಿಮಗೆ ಸಿಕ್ಕ ಸಲಹೆ ಸದುದ್ದೇಶದ್ದೇ, ಆದರೆ ಅದರಲ್ಲಿ ಎರಡು ಕಷ್ಟದ ಕೆಲಸಗಳು ಒಂದಾಗಿ ಸೇರಿಕೊಂಡಿವೆ. ಚಿತ್ರ ಬರೆಯುವುದು ಒಂದು, ಆ ಚಿತ್ರದಲ್ಲಿ ಮನಸ್ಸನ್ನು ತೋಡಿಕೊಳ್ಳುವುದು ಇನ್ನೊಂದು. ಖಿನ್ನತೆಯಲ್ಲಿ ಯಾವುದೇ ಕೆಲಸವನ್ನು ಆರಂಭಿಸುವ ಶಕ್ತಿಯೇ ಬತ್ತಿಹೋಗಿರುತ್ತದೆ; ಅಂಥ ಹೊತ್ತಿನಲ್ಲಿ ದೊಡ್ಡ ಬಿಳಿ ಹಾಳೆಯನ್ನೂ ಹನ್ನೆರಡು ಬಣ್ಣಗಳನ್ನೂ ಮುಂದಿಟ್ಟು "ಏನಾದರೂ ಬರೆಯಿರಿ" ಎಂದರೆ ನುರಿತವರ ಕೈಯೂ ಕಟ್ಟಿಹೋಗುತ್ತದೆ. ಆದ್ದರಿಂದ ಸದ್ಯಕ್ಕೆ ಬಣ್ಣಗಳನ್ನು ಎತ್ತಿಡಿ. ಒಳಗಿನದನ್ನು ಹೊರಹಾಕುವ ಹೊಣೆಯನ್ನೂ ಅವುಗಳ ಜೊತೆಗೇ ಎತ್ತಿಡಿ.

ಒಂದು ಹಾಳೆಯನ್ನು ಅಂಗೈಯಗಲದ ತುಂಡುಗಳಾಗಿ ಮಾಡಿಕೊಳ್ಳಿ. ಒಂದು ಪೆನ್ಸಿಲ್ ಸಾಕು, ರಬ್ಬರ್ ಬೇಡ. ಹಿಡಿಕೆಯಿರುವ ಒಂದು ಲೋಟವನ್ನು ಎದುರಿಗಿಟ್ಟುಕೊಂಡು, ಫೋನಿನಲ್ಲಿ ಹತ್ತು ನಿಮಿಷಕ್ಕೆ ಅಲಾರಂ ಇಟ್ಟು, ಪೆನ್ಸಿಲಿನ ಮೊನೆಯನ್ನು ಕಾಗದದ ಮೇಲೆ ಊರಿ, ಕಣ್ಣನ್ನು ಮಾತ್ರ ಲೋಟದ ಅಂಚಿನ ಮೇಲೆ ನೆಡಿ. ಅಂಚಿನ ಗುಂಟ ಇರುವೆಯೊಂದು ನಡೆದುಹೋಗುತ್ತಿದೆ ಎಂದುಕೊಳ್ಳಿ. ಕಣ್ಣು ಅದರ ಹಿಂದೆ ಎಷ್ಟು ನಿಧಾನವಾಗಿ ಸಾಗುತ್ತದೆಯೋ ಅಷ್ಟೇ ನಿಧಾನವಾಗಿ ಕೈಯೂ ಸರಿಯಲಿ. ಅಲಾರಂ ಹೊಡೆಯುವವರೆಗೆ ಕಾಗದದ ಕಡೆ ನೋಡಬಾರದು. ಕೊನೆಗೆ ಸಿಗುವುದು ಒಂದು ಸೊಟ್ಟಪಟ್ಟ ಆಕೃತಿ: ಹಿಡಿಕೆ ಲೋಟವನ್ನು ಬಿಟ್ಟು ಎಲ್ಲೋ ಹೋಗಿರುತ್ತದೆ, ತಳ ಬಾಯಿಗಿಂತ ಅಗಲವಾಗಿರುತ್ತದೆ. ಯಾರು ಮಾಡಿದರೂ ಹೀಗೆಯೇ ಬರುತ್ತದೆ. ಕಲಾಶಾಲೆಗಳಲ್ಲಿ ಹೊಸಬರಿಗೆ ನೋಡುವುದನ್ನು ಕಲಿಸಲು ಮಾಡಿಸುವ ಹಳೆಯ ಅಭ್ಯಾಸ ಇದು. ಚೆನ್ನಾಗಿ ಬರಲು ಅವಕಾಶವೇ ಇಲ್ಲದಿರುವುದರಿಂದ ಚೆನ್ನಾಗಿ ಬರಲಿಲ್ಲವೆಂದು ಕೊರಗಲೂ ಅವಕಾಶವಿಲ್ಲ. ಹಿಂಬದಿಯಲ್ಲಿ ತಾರೀಖು ಬರೆದು ಒಂದು ಲಕೋಟೆಗೆ ಹಾಕಿ, ತಿಂಗಳವರೆಗೆ ಹೊರತೆಗೆಯದಿರಿ.

ಇದರಿಂದ ಏನಾಗುತ್ತದೆ ಎಂದು ನೀವು ಕೇಳಬಹುದು. ಖಿನ್ನತೆಯಲ್ಲಿರುವ ಮನಸ್ಸು ಗಾಣದ ಎತ್ತಿನಂತೆ ಒಂದೇ ಸುತ್ತು ಸುತ್ತುತ್ತಿರುತ್ತದೆ: ಆದ ತಪ್ಪು, ಆಡಿದ ಮಾತು, ಮುಂದೆ ಬರಲಿರುವ ಕೇಡು. ಆ ಸುತ್ತಾಟಕ್ಕೆ ಬೇಕಾಗಿರುವ ಗಮನವನ್ನು ಲೋಟದ ಅಂಚು ಹತ್ತು ನಿಮಿಷದ ಮಟ್ಟಿಗೆ ಕಡ ತೆಗೆದುಕೊಳ್ಳುತ್ತದೆ. ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ ಎಂಬ ಮನೋವಿಜ್ಞಾನಿಗಳು ನಡೆಸಿದ ಪ್ರಯೋಗಗಳಲ್ಲಿ, ದುಃಖದ ಮನಃಸ್ಥಿತಿಗೆ ತಂದ ಜನರಲ್ಲಿ ಕೆಲವರಿಗೆ ಆ ದುಃಖವನ್ನೇ ಚಿತ್ರಿಸಲು, ಇನ್ನು ಕೆಲವರಿಗೆ ಅದಕ್ಕೆ ಸಂಬಂಧವಿಲ್ಲದ ಬೇರೇನನ್ನಾದರೂ ಚಿತ್ರಿಸಲು ಹೇಳಲಾಗಿತ್ತು. ಆ ಹೊತ್ತಿಗೆ ಹೆಚ್ಚು ಹಗುರಾದದ್ದು ಎರಡನೆಯ ಗುಂಪಿನವರ ಮನಸ್ಸು. ನೋವನ್ನು ಕಾಗದದ ಮೇಲೆ ಸುರಿದರೇ ಸಮಾಧಾನ ಎಂಬ ನಂಬಿಕೆ ಎಷ್ಟು ಬಲವಾಗಿದೆಯೆಂದರೆ, ಹಾಗೆ ಸುರಿಯಲಾಗದವರು ತಮ್ಮಲ್ಲೇ ಏನೋ ಊನವಿದೆ ಎಂದು ಭಾವಿಸುತ್ತಾರೆ. ನಿಮ್ಮ ಪತ್ರದಲ್ಲಿಯೂ ನನಗೆ ಕಂಡದ್ದು ಅದೇ.

ಕೌಶಲ ಇಲ್ಲದಿರುವುದರ ಬಗ್ಗೆಯೂ ಒಂದು ಮಾತು. ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ಮಂದಿ ವಯಸ್ಕರು 45 ನಿಮಿಷ ಮಣ್ಣು, ಬಣ್ಣದ ಪೆನ್ನು, ಕತ್ತರಿಸಿದ ಕಾಗದಗಳೊಂದಿಗೆ ತಮಗೆ ತೋಚಿದ್ದನ್ನು ಮಾಡಿದರು. ಮುಕ್ಕಾಲು ಪಾಲು ಜನರ ಜೊಲ್ಲಿನಲ್ಲಿ, ಒತ್ತಡದ ಹೊತ್ತಿನಲ್ಲಿ ಏರುವ ಕಾರ್ಟಿಸೋಲ್ ಎಂಬ ಹಾರ್ಮೋನು ಇಳಿದಿತ್ತು. ಹಿಂದೆ ಕಲೆಯ ಅಭ್ಯಾಸವಿದ್ದವರಿಗೂ ಇಲ್ಲದವರಿಗೂ ಅದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅವರು ಆರೋಗ್ಯವಂತರು, ಸಂಖ್ಯೆಯೂ ಚಿಕ್ಕದು, ಉಳಿದ ಕಾಲು ಪಾಲು ಜನರಲ್ಲಿ ಹಾರ್ಮೋನು ಇಳಿಯಲಿಲ್ಲ. ಆದ್ದರಿಂದ ಇದನ್ನು ಖಿನ್ನತೆಗೆ ಮದ್ದು ಎನ್ನಲಾಗದು. "ನನಗೆ ಬರುವುದಿಲ್ಲ" ಎಂಬ ಅಡ್ಡಿಯನ್ನು ಪಕ್ಕಕ್ಕೆ ಸರಿಸಲು ಮಾತ್ರ ಇಷ್ಟು ಸಾಕು.

ನನ್ನ ವಾರ್ಡಿನ ಮೇಜಿಗೆ ಒಬ್ಬರು ಮೂರು ವಾರ ದಿನವೂ ಬಂದು ಪೆನ್ಸಿಲ್‌ಗಳನ್ನು ಹೆರೆದಿಟ್ಟು ಹೋಗುತ್ತಿದ್ದರು. ಯಾರೊಂದಿಗೂ ಮಾತಿಲ್ಲ, ಕಾಗದ ಮುಟ್ಟಿದ್ದಿಲ್ಲ. ಅಷ್ಟೂ ಪೆನ್ಸಿಲ್‌ಗಳು ಗಿಡ್ಡವಾಗುತ್ತಿವೆ ಎಂದು ಸಿಬ್ಬಂದಿ ನನ್ನ ಬಳಿ ದೂರಿದ್ದೂ ಉಂಟು. ನಾಲ್ಕನೆಯ ವಾರ ಅವರು ಮೇಜಿನ ಮೇಲೆ ಬಿದ್ದಿದ್ದ ಹೆರೆದ ಸಿಪ್ಪೆಯೊಂದನ್ನು, ಅದರ ಕೆಂಪು ಅಂಚಿನ ಮಡಿಕೆಗಳ ಸಮೇತ, ಹೆಬ್ಬೆರಳಿನ ಉಗುರಿನಷ್ಟು ಗಾತ್ರದಲ್ಲಿ ಹಾಳೆಯ ಮೂಲೆಯಲ್ಲಿ ಬರೆದರು. ಹೆರೆಯುತ್ತಿದ್ದ ಆ ಮೂರು ವಾರವೂ ಅವರ ಕೈ ಕೆಲಸದಲ್ಲಿಯೇ ಇತ್ತು ಎಂದು ನನಗೆ ಅರ್ಥವಾದದ್ದು ಆಗಲೇ. ಹುಮ್ಮಸ್ಸು ಬಂದ ಮೇಲೆ ಕೆಲಸ ಎಂದು ಕಾಯದೆ, ಚಿಕ್ಕ ಕೆಲಸವನ್ನು ಹೊತ್ತು ಗೊತ್ತು ಮಾಡಿ ಮೊದಲು ಮಾಡುವುದು, ಹುಮ್ಮಸ್ಸು ಅದರ ಹಿಂದೆ ಬರಲು ಬಿಡುವುದು ಖಿನ್ನತೆಯ ಚಿಕಿತ್ಸೆಯಲ್ಲಿ ಚೆನ್ನಾಗಿ ಪರೀಕ್ಷೆಗೊಳಗಾಗಿ ನಿಂತಿರುವ ಕ್ರಮ. ಚಿತ್ರವನ್ನು ನೀವು ಆ ಕ್ರಮದ ಒಂದು ಭಾಗವೆಂದು ತಿಳಿಯಿರಿ. ಲೋಟವೂ ಭಾರವೆನಿಸಿದ ದಿನ, ಚಿಕ್ಕವರಾಗಿದ್ದಾಗ ಮಾಡುತ್ತಿದ್ದಂತೆ ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ. ಅದೂ ಲೆಕ್ಕಕ್ಕೆ ಬರುತ್ತದೆ.

ಒಂದೂವರೆ ತಿಂಗಳು ಹೀಗೆ ಮಾಡಿಯೂ ಮೇಜಿನಿಂದ ಎದ್ದಾಗಲೆಲ್ಲ ಕುಗ್ಗುವುದೇ ಆದರೆ ಸಂಕೋಚವಿಲ್ಲದೆ ಬಿಟ್ಟುಬಿಡಿ. ಹೆಣಿಗೆ, ಕಸೂತಿ, ಮಣ್ಣಿನ ಕೆಲಸ ಕೆಲವರಿಗೆ ಹೆಚ್ಚು ಒಗ್ಗುತ್ತವೆ, ಏಕೆಂದರೆ ಅಲ್ಲಿ ಬಿಳಿ ಹಾಳೆಯ ಭಯವಿಲ್ಲ. ಎರಡು ವರ್ಷದ ಚಿಕಿತ್ಸೆಯ ನಂತರವೂ ಈ ಕುಗ್ಗುವಿಕೆ ಉಳಿದಿದೆ ಎಂಬುದನ್ನು ನಿಮ್ಮ ವೈದ್ಯರಿಗೆ ಬಾಯಿಬಿಟ್ಟು ಹೇಳಿ. "ಎಷ್ಟೋ ವಾಸಿ" ಎಂಬುದು "ಪೂರ್ತಿ ವಾಸಿ" ಆಗಲು ಚಿಕಿತ್ಸೆಯಲ್ಲಿ ಬದಲಾವಣೆ ಬೇಕಿರಬಹುದು.

ಪ್ರಶ್ನೆ: ನಮ್ಮ ಮಗನಿಗೆ ಇಪ್ಪತ್ತೆರಡು ವರ್ಷ, ಸ್ಕಿಜೋಫ್ರೀನಿಯಾ ಎಂದು ವೈದ್ಯರು ಹೇಳಿದ್ದಾರೆ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾನೆ. ಇತ್ತೀಚೆಗೆ ದಿನವೆಲ್ಲ ಕಪ್ಪು ಶಾಯಿಯಲ್ಲಿ ಕಣ್ಣುಗಳನ್ನೇ ಬರೆಯುತ್ತಾನೆ, ಹಾಳೆ ತುಂಬ ನೂರಾರು ಕಣ್ಣು. ನೋಡಿದರೆ ನನಗೂ ನನ್ನ ಯಜಮಾನರಿಗೂ ಎದೆ ಝಲ್ಲೆನ್ನುತ್ತದೆ. ಕಾಯಿಲೆ ಹೆಚ್ಚುತ್ತಿದೆಯೇ? ಪೆನ್ನು ತೆಗೆದಿಡಬೇಕೇ?

ಉತ್ತರ: ಪೆನ್ನನ್ನು ತೆಗೆದಿಡಬೇಡಿ ತಾಯಿ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಆದರೆ ಚಿತ್ರ ನೋಡಿ ಕಾಯಿಲೆ ಹೇಳುವ ವಿದ್ಯೆ ನನ್ನ ಬಳಿಯೂ ಇಲ್ಲ, ನಿಮ್ಮ ವೈದ್ಯರ ಬಳಿಯೂ ಇರಲಾರದು.

ಹಾನ್ಸ್ ಪ್ರಿಂಟ್ಸ್‌ಹಾರ್ನ್ ಎಂಬವರು ಕಲಾ ಇತಿಹಾಸವನ್ನೂ ವೈದ್ಯಶಾಸ್ತ್ರವನ್ನೂ ಓದಿದ್ದ ಜರ್ಮನ್ ಮನೋವೈದ್ಯರು. ಹೈಡೆಲ್‌ಬರ್ಗ್ ಆಸ್ಪತ್ರೆಯಲ್ಲಿದ್ದಾಗ ಹಲವು ಆಸ್ಪತ್ರೆಗಳ ರೋಗಿಗಳು ಮಾಡಿದ ಸಾವಿರಾರು ಚಿತ್ರ, ಕೆತ್ತನೆ, ಕಸೂತಿಗಳನ್ನು ಸಂಗ್ರಹಿಸಿ, 1922ರಲ್ಲಿ ಅವುಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಅಷ್ಟನ್ನು ನೋಡಿದ ಮೇಲೂ ಅವರಿಗೆ, ಇಂಥ ಲಕ್ಷಣವಿರುವುದರಿಂದ ಇದು ಮಾನಸಿಕ ರೋಗಿಯ ಚಿತ್ರವೇ ಸರಿ ಎಂದು ಖಚಿತವಾಗಿ ಹೇಳಲು ಸಾಧ್ಯವೆನಿಸಲಿಲ್ಲ. ಹಾಗೆ ಹೇಳಬಲ್ಲೆವೆಂದು ಹೊರಟವರು ನಾಜಿಗಳು: ಆಧುನಿಕ ಕಲಾವಿದರನ್ನು ಹೀಗಳೆಯಲು ಏರ್ಪಡಿಸಿದ ಪ್ರದರ್ಶನದಲ್ಲಿ ಅವರು ಇದೇ ಸಂಗ್ರಹದ ಕೃತಿಗಳನ್ನು ಪಕ್ಕಕ್ಕಿಟ್ಟು, ಎರಡಕ್ಕೂ ಏನು ವ್ಯತ್ಯಾಸ ಎಂದು ಲೇವಡಿ ಮಾಡಿದರು. ಚಿತ್ರವನ್ನು ಹುಚ್ಚಿನ ಸಾಕ್ಷಿಯಾಗಿ ಓದುವ ಅಭ್ಯಾಸ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ನನಗೆ ಬೇರೆ ಉದಾಹರಣೆ ಬೇಕೆನಿಸುವುದಿಲ್ಲ.

ನಿಮ್ಮ ಮಗನ ಕಣ್ಣುಗಳಿಗೆ ಹಲವು ಕಾರಣಗಳಿರಬಹುದು. ತನ್ನನ್ನು ಯಾರೋ ಸದಾ ನೋಡುತ್ತಿದ್ದಾರೆ ಎಂಬ ಭಾವನೆ ಈ ಕಾಯಿಲೆಯಲ್ಲಿ ಸಾಮಾನ್ಯ. ಅದನ್ನು ಅವನು ಕಾಗದದ ಮೇಲೆ ಇಳಿಸಿ ಹಿಡಿತಕ್ಕೆ ತಂದುಕೊಳ್ಳುತ್ತಿರಬಹುದು. ಕಣ್ಣು ಬರೆಯಲು ಅವನಿಗೆ ಬರುತ್ತದೆ, ಬರುವುದನ್ನೇ ಮತ್ತೆ ಮತ್ತೆ ಬರೆಯುವುದರಲ್ಲಿ ನೆಮ್ಮದಿ ಇರಬಹುದು. ಯಾವುದೆಂದು ಅವನಿಗಲ್ಲದೆ ಬೇರೆಯವರಿಗೆ ತಿಳಿಯದು. ಹತ್ತಿರ ಕುಳಿತಾಗ "ಇದೇನು, ಯಾಕೆ ಹೀಗೆ ಬರೆದೆ" ಎನ್ನುವ ಬದಲು "ಈ ಮೂಲೆಯಲ್ಲಿ ಗೆರೆ ತುಂಬ ತೆಳ್ಳಗಿದೆ, ಯಾವ ಪೆನ್ನಿನಲ್ಲಿ ಬರೆದೆ?" ಎಂದು ಕೇಳಿ ನೋಡಿ. ಗೆರೆಯ ಬಗ್ಗೆ ಕೇಳಿದರೆ ಉತ್ತರ ಬರುತ್ತದೆ. ಅರ್ಥದ ಬಗ್ಗೆ ಕೇಳಿದರೆ ಬಾಗಿಲು ಮುಚ್ಚುತ್ತದೆ. ತಾನಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ, ತಿದ್ದಬೇಡಿ, ವಾದಿಸಬೇಡಿ.

ಕಾಯಿಲೆ ಹೆಚ್ಚುತ್ತಿದೆಯೇ ಎಂಬುದನ್ನು ಚಿತ್ರದ ಹೊರಗೆ ನೋಡಬೇಕು: ನಿದ್ದೆ ಕಡಿಮೆಯಾಗಿದೆಯೇ, ಊಟ ಬಿಡುತ್ತಿದ್ದಾನೆಯೇ, ಸ್ನಾನ ಮರೆಯುತ್ತಿದ್ದಾನೆಯೇ, ಒಬ್ಬನೇ ಇದ್ದಾಗ ಯಾರಿಗೋ ಉತ್ತರಿಸುತ್ತಾನೆಯೇ, ಮಾತ್ರೆಯ ಮೇಲೆ ಸಂಶಯ ಬಂದಿದೆಯೇ. ಇವುಗಳಲ್ಲಿ ಬದಲಾವಣೆ ಕಂಡರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ ವೈದ್ಯರನ್ನು ಕಾಣಿ. ತನಗೋ ಇತರರಿಗೋ ಹಾನಿ ಮಾಡಿಕೊಳ್ಳಬೇಕೆಂದು ಧ್ವನಿಗಳು ಆಜ್ಞಾಪಿಸುತ್ತಿವೆ ಎಂದು ಅವನು ಹೇಳಿದರೆ, ಅಥವಾ ಸಾಯುವ ಮಾತೆತ್ತಿದರೆ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಚಿತ್ರದಿಂದಲೇ ಅವನು ಗುಣವಾಗುತ್ತಾನೆ ಎಂಬ ಆಸೆಯನ್ನು ಮಾತ್ರ ಅದರ ಮೇಲೆ ಹೊರಿಸಬೇಡಿ. ಬ್ರಿಟನ್ನಿನಲ್ಲಿ ಸ್ಕಿಜೋಫ್ರೀನಿಯಾ ಇರುವ 417 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ವಾರಕ್ಕೊಮ್ಮೆ ಗುಂಪಿನಲ್ಲಿ ಕಲಾಚಿಕಿತ್ಸೆ ಪಡೆಯಲು ಕಳುಹಿಸಿದವರ ಸ್ಥಿತಿ ಎರಡು ವರ್ಷದ ಕೊನೆಯಲ್ಲಿ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಉತ್ತಮವಾಗಿರಲಿಲ್ಲ. ಆ ಗುಂಪುಗಳಿಗೆ ಹಾಜರಾದವರೇ ಕಡಿಮೆ ಎಂಬುದನ್ನೂ ಸೇರಿಸಿ ಹೇಳಬೇಕು. ಯಾರೂ ಕಳುಹಿಸದೆ ತಾನೇ ಪೆನ್ನು ಹಿಡಿದ ನಿಮ್ಮ ಮಗನ ಪರಿಸ್ಥಿತಿ ಬೇರೆ. ಅವನಿಗೆ ಶಾಯಿ ಮುಗಿಯದಂತೆ ನೋಡಿಕೊಳ್ಳಿ.

ಪ್ರಶ್ನೆ: ಅಚ್ಚಾದ ಚಿತ್ರಗಳಿಗೆ ಬಣ್ಣ ತುಂಬುವ ಪುಸ್ತಕ ಆತಂಕಕ್ಕೆ ಒಳ್ಳೆಯದೆನ್ನುತ್ತಾರೆ. ಅದನ್ನೂ ಕಲೆ ಎನ್ನಬಹುದೇ?

ಉತ್ತರ: ಕಲೆಯೋ ಅಲ್ಲವೋ ಎಂಬ ಚರ್ಚೆಯನ್ನು ವಿಮರ್ಶಕರಿಗೆ ಬಿಡೋಣ. ಆತಂಕದಲ್ಲಿ ತೀರ್ಮಾನ ತೆಗೆದುಕೊಳ್ಳುವುದೇ ಕಷ್ಟವಾದಾಗ, ಗೆರೆಯನ್ನು ಬೇರೆಯವರು ಹಾಕಿಟ್ಟಿದ್ದು ಬಣ್ಣವನ್ನಷ್ಟೇ ನೀವು ಆರಿಸಬೇಕಾಗಿರುವುದು ಒಂದು ಅನುಕೂಲ. ಆತಂಕ ಮೂಡಿಸಿದ ನಂತರ ಇಪ್ಪತ್ತು ನಿಮಿಷ ಮಂಡಲದಂಥ ವಿನ್ಯಾಸಗಳಿಗೆ ಬಣ್ಣ ತುಂಬಿದವರಲ್ಲಿ, ಖಾಲಿ ಹಾಳೆಯ ಮೇಲೆ ಮನಬಂದಂತೆ ಬಣ್ಣ ಹಚ್ಚಿದವರಿಗಿಂತ ಆತಂಕ ಹೆಚ್ಚು ಇಳಿದದ್ದನ್ನು 2005ರ ಅಧ್ಯಯನವೊಂದು ತೋರಿಸಿತ್ತು. ಗೀಳು ಕಾಯಿಲೆ ಇರುವವರು ಮಾತ್ರ ಸ್ವಲ್ಪ ಎಚ್ಚರ ವಹಿಸಬೇಕು: ಗೆರೆಯಾಚೆ ಬಣ್ಣ ಹೋಯಿತೆಂದು ಪುಟವನ್ನೇ ಹರಿದು ಮತ್ತೆ ಆರಂಭಿಸುವಂತಾದರೆ ಪುಸ್ತಕ ಗೀಳಿನ ಕೈಗೆ ಸಿಕ್ಕಿದೆ ಎಂದೇ ಅರ್ಥ.

ಪ್ರಶ್ನೆ: ನಾನು ವೃತ್ತಿಯಿಂದ ಚಿತ್ರಕಾರ. ಉನ್ಮಾದವೂ ಖಿನ್ನತೆಯೂ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಎಂಬ ಮಾತ್ರೆ ಕೊಟ್ಟಿದ್ದಾರೆ. ಮನಸ್ಸು ಸ್ಥಿರವಾಗಿದೆ, ಆದರೆ ಮೊದಲಿನಂತೆ ರಾತ್ರಿಯಿಡೀ ಕೂತು ಬರೆಯುವ ಉರಿ ಇಲ್ಲ, ಬಣ್ಣಗಳೆಲ್ಲ ಮಂಕಾದಂತೆ ಕಾಣುತ್ತವೆ, ಜೊತೆಗೆ ಕೈ ಸಣ್ಣಗೆ ನಡುಗುತ್ತದೆ. ನೋವಿಲ್ಲದೆ ಕಲೆ ಇಲ್ಲ ಎನ್ನುತ್ತಾರಲ್ಲ. ಮಾತ್ರೆ ನಿಲ್ಲಿಸೋಣ ಎನಿಸುತ್ತಿದೆ.

ಉತ್ತರ: ಮೊದಲಿಗೇ ಹೇಳಿಬಿಡುತ್ತೇನೆ: ಲಿಥಿಯಂ ಅನ್ನು ಒಮ್ಮೆಲೇ ನಿಲ್ಲಿಸಿದರೆ ಉನ್ಮಾದ ಮರುಕಳಿಸುವ ಅಪಾಯವೂ ಆತ್ಮಹತ್ಯೆಯ ಅಪಾಯವೂ ಏರುತ್ತವೆ. ನೀವು ಈ ಪತ್ರದಲ್ಲಿ ಬರೆದದ್ದನ್ನೇ ಒಂದಕ್ಷರ ಬಿಡದೆ ನಿಮ್ಮ ವೈದ್ಯರಿಗೆ ಓದಿ ಹೇಳಿ, ಅಲ್ಲಿಯವರೆಗೆ ಮಾತ್ರೆ ತಪ್ಪಿಸಬೇಡಿ.

ನಿಮ್ಮ ದೂರುಗಳಲ್ಲಿ ಮೂರು ಬೇರೆ ಬೇರೆ ವಿಷಯಗಳಿವೆ. ಕೈ ನಡುಕ ಲಿಥಿಯಂನ ಪರಿಚಿತ ಅಡ್ಡಪರಿಣಾಮ. ರಕ್ತದಲ್ಲಿ ಅದರ ಮಟ್ಟ ಎಷ್ಟಿದೆ ಎಂದು ನೋಡಿ ಪ್ರಮಾಣವನ್ನೋ ತೆಗೆದುಕೊಳ್ಳುವ ಹೊತ್ತನ್ನೋ ಬದಲಿಸಿ, ಬೇಕಿದ್ದರೆ ನಡುಕಕ್ಕೆಂದೇ ಬೇರೆ ಮಾತ್ರೆ ಕೊಟ್ಟು ಅದನ್ನು ತಗ್ಗಿಸಬಹುದು. ನಡುಕ ಒರಟಾಗಿ, ವಾಂತಿ ಭೇದಿ ಅಥವಾ ನಾಲಿಗೆ ತೊದಲುವುದು ಸೇರಿಕೊಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಣ್ಣ ಮಂಕಾಗಿ ಕಾಣುವುದು ಔಷಧಿಯಿಂದಲೇ ಇರಬಹುದು, ಉನ್ಮಾದದ ನಂತರ ಹಿಂದಿನಿಂದ ಬರುವ ಸಣ್ಣ ಖಿನ್ನತೆಯಿಂದಲೂ ಇರಬಹುದು, ಲಿಥಿಯಂ ಥೈರಾಯ್ಡ್ ಗ್ರಂಥಿಯನ್ನು ನಿಧಾನಗೊಳಿಸಿದ್ದರಿಂದಲೂ ಇರಬಹುದು. ಮೂರಕ್ಕೂ ಉಪಾಯವಿದೆ, ಆದರೆ ಒಂದೊಂದರ ಉಪಾಯವೂ ಬೇರೆ. ಮೂರನೆಯದು, ರಾತ್ರಿಯಿಡೀ ಬರೆಯುವ ಆ ಉರಿ. ಅದರ ಬಗ್ಗೆ ನಿಮ್ಮೊಂದಿಗೆ ಸ್ವಲ್ಪ ಜಗಳವಾಡಬೇಕಾಗಿದೆ.

ಮೊಗೆನ್ಸ್ ಶೌ ಎಂಬ ಡೆನ್ಮಾರ್ಕಿನ ಮನೋವೈದ್ಯರು ಇದೇ ಪ್ರಶ್ನೆಯನ್ನು ಲಿಥಿಯಂ ತೆಗೆದುಕೊಳ್ಳುತ್ತಿದ್ದ 24 ಮಂದಿ ಕಲಾವಿದರಿಗೂ ಬರಹಗಾರರಿಗೂ ಕೇಳಿ 1979ರಲ್ಲಿ ಪ್ರಕಟಿಸಿದರು. 12 ಮಂದಿ ತಮ್ಮ ಕೆಲಸ ಹೆಚ್ಚಿದೆ ಎಂದರು, 6 ಮಂದಿ ಹಾಗೆಯೇ ಇದೆ ಎಂದರು, 6 ಮಂದಿ ಕಡಿಮೆಯಾಗಿದೆ ಎಂದರು. ನೀವು ಆ ಕೊನೆಯ ಆರರಲ್ಲಿ ಒಬ್ಬರಾಗಿರಬಹುದು. ನಿಮ್ಮ ನಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಉನ್ಮಾದದ ರಾತ್ರಿಗಳಲ್ಲಿ ಬರೆದ ಹಾಳೆಗಳನ್ನು ಎರಡು ತಿಂಗಳ ನಂತರ ಹಗಲಿನಲ್ಲಿ ಹರವಿ, ಎಷ್ಟನ್ನು ಮುಗಿಸಿದ್ದಿರಿ, ಎಷ್ಟನ್ನು ಇಂದಿಗೂ ನಿಮ್ಮದೆಂದು ಸಹಿ ಹಾಕಲು ಒಪ್ಪುತ್ತೀರಿ ಎಂದು ಒಮ್ಮೆ ಎಣಿಸಿ ನೋಡಿ.

ನೋವೇ ಕಲೆಯ ತಾಯಿ ಎನ್ನುವವರು ಎತ್ತುವ ಹೆಸರು ಸಾಮಾನ್ಯವಾಗಿ ಡಚ್ ಚಿತ್ರಕಾರ ವ್ಯಾನ್ ಗೋ. ಅವರು 1889ರ ಮೇ ತಿಂಗಳಿನಿಂದ ಒಂದು ವರ್ಷ ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದು ಸುಮಾರು 150 ವರ್ಣಚಿತ್ರಗಳನ್ನು ಬರೆದದ್ದು ನಿಜ. ಆದರೆ ಆ ಬೇಸಿಗೆಯಲ್ಲಿ ಕಾಯಿಲೆ ಕೆರಳಿದಾಗ ಅವರು ಬಣ್ಣವನ್ನೇ ನುಂಗಿದ್ದರು, ಹಲವು ವಾರ ಕುಂಚ ಹಿಡಿಯಲಾಗಲಿಲ್ಲ. ಆ 150 ಚಿತ್ರಗಳಲ್ಲಿ ಹೆಚ್ಚಿನವು ಕಾಯಿಲೆ ಬಿಡುವು ಕೊಟ್ಟ ದಿನಗಳ ದುಡಿಮೆ. ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ ಅವರ ಕಥೆ ನಿಮಗೆ ಇನ್ನೂ ಹತ್ತಿರದ್ದು. ತನ್ನ ಯಾತನೆಗಳೇ ತನ್ನ ಕಲೆಯ ಭಾಗವೆಂದು ನಂಬಿದ್ದ ಅವರು 1908ರಲ್ಲಿ ಕುಸಿದುಬಿದ್ದು, ಕೋಪನ್‌ಹೇಗನ್ನಿನ ಚಿಕಿತ್ಸಾಲಯದಲ್ಲಿ ತಿಂಗಳುಗಟ್ಟಲೆ ಇದ್ದು, ಕುಡಿತ ಬಿಟ್ಟು ಹೊರಬಂದರು. ಅನಂತರ 1944ರಲ್ಲಿ ಸಾಯುವವರೆಗೂ ಬರೆಯುತ್ತಲೇ ಇದ್ದರು. ಓಸ್ಲೋ ವಿಶ್ವವಿದ್ಯಾಲಯದ ಸಭಾಂಗಣದ ಗೋಡೆಗಳ ಮೇಲೆ ಉದಯಿಸುವ ಸೂರ್ಯನನ್ನು ಅಷ್ಟು ದೊಡ್ಡದಾಗಿ ಬರೆದದ್ದು ಆ ನಂತರದ ವರ್ಷಗಳಲ್ಲಿಯೇ. ಆಮೇಲಿನ ಚಿತ್ರಗಳಲ್ಲಿ ಮೊದಲಿನ ತೀವ್ರತೆ ಇಲ್ಲ ಎನ್ನುವವರೂ ಇದ್ದಾರೆ. ಇರಲಿ, ಮೂವತ್ತೈದು ವರ್ಷದ ಕೆಲಸದ ಬಗ್ಗೆ ಹಾಗೆ ವಾದ ಮಾಡಲಾದರೂ ಅವರು ಬದುಕಿದ್ದು ಬರೆಯಬೇಕಾಯಿತು.

ಜಪಾನಿನ ಕಲಾವಿದೆ ಯಯೋಯಿ ಕುಸಾಮ ಅವರು 1977ರಿಂದ ಟೋಕಿಯೊದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಸ್ವಇಚ್ಛೆಯಿಂದ ನೆಲೆಸಿ, ಹತ್ತಿರದ ಸ್ಟುಡಿಯೋಗೆ ಹೋಗಿ ಕೆಲಸ ಮಾಡುವ ಪದ್ಧತಿಯನ್ನು ಇಟ್ಟುಕೊಂಡವರು. ನೀವೂ ಹೊತ್ತನ್ನು ಗೊತ್ತು ಮಾಡಿಕೊಳ್ಳಿ: ಬೆಳಿಗ್ಗೆ ಮೂರು ಗಂಟೆ ಕೆಲಸ, ರಾತ್ರಿ ಹತ್ತರ ನಂತರ ಸ್ಟುಡಿಯೋಗೆ ಬೀಗ. ನಿದ್ದೆಗೆಡುವುದು ಉನ್ಮಾದದ ಲಕ್ಷಣ ಮಾತ್ರವಲ್ಲ, ಅದನ್ನು ಕರೆತರುವ ಕಾರಣವೂ ಹೌದು. ನಡುಕ ಹತೋಟಿಗೆ ಬರುವವರೆಗೆ ಸಣ್ಣ ಕುಂಚ ಬಿಟ್ಟು, ಭುಜದಿಂದ ಕೈಯಾಡಿಸುವ ದೊಡ್ಡ ಹಾಳೆ, ಇದ್ದಿಲು, ಅಗಲ ಕುಂಚಗಳನ್ನು ಹಿಡಿಯಿರಿ.

ಪ್ರಶ್ನೆ: ನನಗೆ ಬರವಣಿಗೆಯೇ ಆಸರೆ. ಆದರೆ ದಿನಚರಿಯಲ್ಲಿ ನಡೆದ ಕಹಿ ಘಟನೆಯನ್ನೇ ಬರೆಯುತ್ತಾ ಹೋದರೆ ಮನಸ್ಸು ಇನ್ನೂ ಕದಡುತ್ತದೆ. ಮುಂದುವರಿಸಲೇ?

ಉತ್ತರ: ಬರೆಯಿರಿ, ಆದರೆ ಬೇಲಿ ಹಾಕಿಕೊಂಡು. ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ, ಈ ವಿಷಯದ ಮೂಲ ಪ್ರಯೋಗವೆಂದೇ ಹೆಸರಾದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಬದುಕಿನ ಆಘಾತದ ಬಗ್ಗೆ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಮಾತ್ರ ಬರೆದರು. ಬರೆದ ಕೂಡಲೇ ಅವರ ಮನಸ್ಸು ನಿಮ್ಮದರಂತೆಯೇ ಕೆಟ್ಟಿತ್ತು; ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಅವರ ಭೇಟಿಗಳು ಕಡಿಮೆಯಾದವು. ಎಲ್ಲರೂ ಹೇಳುವುದು ಈ ಎರಡನೆಯ ಭಾಗವನ್ನು. ನಾಲ್ಕು ದಿನಕ್ಕೆ ನಿಲ್ಲಿಸಿದ್ದರು ಎಂಬುದನ್ನು ಹೇಳುವವರು ಕಡಿಮೆ. ವರ್ಷಗಟ್ಟಲೆ ಪ್ರತಿರಾತ್ರಿ ಒಂದೇ ಘಟನೆಯನ್ನು ಅದೇ ಮಾತುಗಳಲ್ಲಿ ಬರೆಯುವುದು ಗಾಯದ ಹಕ್ಕಳೆಯನ್ನು ದಿನವೂ ಕೀಳುವ ಕೆಲಸ.

ಹೊತ್ತು ಕಟ್ಟಿಕೊಳ್ಳಿ, ಮಲಗುವ ಮುನ್ನ ಬರೆಯಬೇಡಿ, ಪ್ರತಿ ಸಲವೂ ಒಂದು ಹೊಸ ವಿವರವಾದರೂ ಬರಲಿ. ಎರಡು ಸಲ ಬರೆದರೂ ಹೊಸದೇನೂ ಬರದಿದ್ದರೆ "ನಾನು" ಎಂಬುದನ್ನು "ಅವಳು" ಮಾಡಿ, ಅದೇ ಕೋಣೆಯಲ್ಲಿ ಕಿಟಕಿಯ ಬಳಿ ನಿಂತ ಬೇರೊಬ್ಬರು ಕಂಡಂತೆ ಬರೆದು ನೋಡಿ. ಘಟನೆ ಕಣ್ಣಿಗೆ ಕಟ್ಟಿದಂತೆ ಮರಳಿ ಬಂದು ಮೈ ನಡುಗುವುದು, ದುಃಸ್ವಪ್ನಗಳು, ಕಾಲ ದೇಶದ ಅರಿವು ತಪ್ಪುವುದು ಇದ್ದರೆ ಒಬ್ಬರೇ ಬರೆಯಬೇಡಿ. ಆಘಾತದ ಚಿಕಿತ್ಸೆಯಲ್ಲಿ ತರಬೇತಿ ಪಡೆದವರ ಜೊತೆ ಕುಳಿತು ಬರೆಯಬೇಕಾದದ್ದು ಅದು.

ಪ್ರಶ್ನೆ: ಚಿತ್ರಕಲಾ ತರಗತಿಗೂ ಕಲಾಚಿಕಿತ್ಸೆಗೂ ಏನು ವ್ಯತ್ಯಾಸ? ಎಲ್ಲಿಗೆ ಸೇರಬೇಕು?

ಉತ್ತರ: ತರಗತಿಯಲ್ಲಿ ಚಿತ್ರ ಸುಧಾರಿಸಬೇಕು, ಚಿಕಿತ್ಸೆಯಲ್ಲಿ ಚಿತ್ರ ಹೇಗಿದ್ದರೂ ನಡೆಯುತ್ತದೆ, ಅದನ್ನು ಮಾಡುವಾಗ ನಿಮ್ಮೊಳಗೆ ಏನಾಯಿತು ಎಂಬುದು ಮುಖ್ಯ. ಕಲಾಚಿಕಿತ್ಸೆ ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಏಡ್ರಿಯನ್ ಹಿಲ್ ಎಂಬ ಬ್ರಿಟಿಷ್ ಕಲಾವಿದರು. ಕ್ಷಯರೋಗದಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ ತಾವು ಚಿತ್ರ ಬರೆದು, ಪಕ್ಕದ ಹಾಸಿಗೆಗಳವರಿಗೂ ಬರೆಯಲು ಕಲಿಸಿದವರು. ಎಡ್ವರ್ಡ್ ಆಡಮ್‌ಸನ್ ಎಂಬ ಕಲಾವಿದರು 1946ರಿಂದ ಇಂಗ್ಲೆಂಡಿನ ನೆದರ್ನ್ ಎಂಬ ಮಾನಸಿಕ ಆಸ್ಪತ್ರೆಯಲ್ಲಿ ಸ್ಟುಡಿಯೋ ನಡೆಸಿದಾಗ, ರೋಗಿಗಳ ಚಿತ್ರವನ್ನು ತಿದ್ದುವುದಾಗಲಿ ವ್ಯಾಖ್ಯಾನಿಸುವುದಾಗಲಿ ತನ್ನ ಕೆಲಸವಲ್ಲವೆಂದು ಸುಮ್ಮನೆ ಜೊತೆಗಿರುತ್ತಿದ್ದರು. ನನಗೆ ಇಂದಿಗೂ ಹಿಡಿಸುವುದು ಅವರ ದಾರಿಯೇ.

ಕಾಯಿಲೆ ತೀವ್ರವಾಗಿರುವಾಗ, ಆಘಾತದ ನೆನಪುಗಳಿರುವಾಗ ತರಬೇತಿ ಪಡೆದ ಕಲಾಚಿಕಿತ್ಸಕರ ಬಳಿ ಹೋಗಿ. ಅವರು ಎಲ್ಲಿ, ಎಷ್ಟು ವರ್ಷ ಕಲಿತರು, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾರೆ ಎಂದು ಕೇಳುವುದು ನಿಮ್ಮ ಹಕ್ಕು. ಎರಡು ದಿನದ ಶಿಬಿರದ ಪ್ರಮಾಣಪತ್ರ ತೋರಿಸಿದರೆ, ಅಥವಾ ಮಾತ್ರೆ ಬಿಡಿ ಎಂದರೆ, ಎದ್ದು ಬನ್ನಿ. ಸ್ಥಿತಿ ನೆಟ್ಟಗಾದ ಮೇಲೆ ಸಾಮಾನ್ಯ ತರಗತಿಯೇ ಎಷ್ಟೋ ಜನರಿಗೆ ಹೆಚ್ಚು ಹಿತ, ಏಕೆಂದರೆ ಅಲ್ಲಿ ಯಾರೂ ಅವರನ್ನು ರೋಗಿ ಎನ್ನುವುದಿಲ್ಲ.

ಪ್ರಶ್ನೆ: ನನ್ನ ಪತಿ ಹೋದ ತಿಂಗಳು ಆಸ್ಪತ್ರೆಯಿಂದ ಮನೆಗೆ ಬಂದರು. ಅಲ್ಲಿ ಬರೆದ ನಲವತ್ತು ಚಿತ್ರಗಳ ಕಟ್ಟನ್ನು ಜೊತೆಗೆ ಕಳುಹಿಸಿದ್ದಾರೆ. ಇವರು ಅದನ್ನು ಸುಟ್ಟುಬಿಡು ಎನ್ನುತ್ತಾರೆ. ನನಗೆ ಅವು ತುಂಬ ಚೆನ್ನಾಗಿ ಕಾಣುತ್ತವೆ. ಅವರಿಗೆ ಹೇಳದೆ ಎತ್ತಿಟ್ಟುಕೊಳ್ಳಲೇ?

ಉತ್ತರ: ಹೇಳದೆ ಎತ್ತಿಡಬೇಡಿ, ಯಾರಿಗೂ ತೋರಿಸಬೇಡಿ, ಫೋಟೋ ತೆಗೆದು ಕಳುಹಿಸಲೂ ಬೇಡಿ. ಆಸ್ಪತ್ರೆಯ ಚಿತ್ರ ಎಂದರೆ ಅದನ್ನು ಬರೆದವರ ಪಾಲಿಗೆ ಅರ್ಧ ಚಿತ್ರ, ಅರ್ಧ ವೈದ್ಯಕೀಯ ಕಡತ. ನಿಮಗೆ ಚೆಂದ ಕಾಣುವ ಹಸಿರು ಬಣ್ಣ ಅವರಿಗೆ ಯಾವ ರಾತ್ರಿಯನ್ನು ನೆನಪಿಸುತ್ತದೆಯೋ ನಮಗೆ ತಿಳಿಯದು. ಅವು ಅವರ ಸ್ವತ್ತು, ಅವುಗಳ ಗತಿಯನ್ನು ನಿರ್ಧರಿಸುವ ಹಕ್ಕೂ ಅವರದೇ. ತಿಂಗಳುಗಳ ಕಾಲ ಊಟ, ನಿದ್ದೆ, ಮಾತ್ರೆ ಎಲ್ಲವನ್ನೂ ಬೇರೆಯವರು ನಿರ್ಧರಿಸಿದ ಮೇಲೆ ಈ ಒಂದು ಹಕ್ಕಿಗೆ ಹೆಚ್ಚಿನ ತೂಕವಿದೆ.

ಆದರೆ ಸುಟ್ಟದ್ದು ಮರಳಿ ಬಾರದು ಎಂಬುದೂ ನಿಜವಾದ್ದರಿಂದ ಗಡುವು ಕೇಳುವುದರಲ್ಲಿ ತಪ್ಪಿಲ್ಲ. "ನೀವು ಹೇಳಿದ ಹಾಗೆಯೇ ಮಾಡೋಣ, ಮೂರು ತಿಂಗಳು ಮಾತ್ರ ತಡೆಯಿರಿ" ಎಂದು ಕೇಳಿ. ಒಪ್ಪಿದರೆ ಕಟ್ಟನ್ನು ದೊಡ್ಡ ಲಕೋಟೆಗೆ ಹಾಕಿ, ಮೇಲೆ ಆ ತಾರೀಖನ್ನು ಬರೆದು, ಬಾಯಿಯನ್ನು ಅವರ ಕೈಯಿಂದಲೇ ಅಂಟಿಸಿ, ಅವರಿಗೆ ಕಾಣದ ಕಪಾಟಿನಲ್ಲಿಡಿ. ಮೂರು ತಿಂಗಳ ನಂತರವೂ ಬೇಡವೆಂದರೆ ಅವರೇ ಹರಿಯಲಿ, ನೀವು ಪಕ್ಕದಲ್ಲಿರಿ. ಒಪ್ಪದೆ ಇವತ್ತೇ ಆಗಬೇಕೆಂದರೆ ಇವತ್ತೇ ಆಗಲಿ. ಒಂದನ್ನಾದರೂ ನನಗೆ ಕೊಡುತ್ತೀರಾ ಎಂದು ಒಂದು ಸಲ ಕೇಳಿ; ಎರಡನೆಯ ಸಲ ಕೇಳಬೇಡಿ.